ಸೈಬರ್ ಭದ್ರತೆ, ದೇಶದ ಭದ್ರತೆ: ಪಾಠ-ಸಂಶೋಧನೆಯ ಬದುಕಿಗೆ ಯಾವ ದಾರಿ ಯಾರಿಗೆ?

"ಬಿಇ ಮುಗಿಸಿ ಕಂಪನಿಯಲ್ಲಿದ್ದೇನೆ. ಸೈಬರ್ ಭದ್ರತೆಯಲ್ಲಿ ಪಿಎಚ್‌ಡಿ ಮಾಡಿ ಪ್ರೊಫೆಸರ್ ಆಗೋ ಆಸೆ. ಐಐಎಸ್‌ಸಿಗೆ ಹಾಕಲಾ, ಅಮೆರಿಕಕ್ಕೆ ಹೋಗಲಾ, ಡಿಆರ್‌ಡಿಒ ಸೇರಲಾ?" ಇಂಥ ಪ್ರಶ್ನೆಗಳು ಈಗ ಜಾಸ್ತಿ ಬರುತ್ತಿವೆ. ರಾಜ್ಯಶಾಸ್ತ್ರ ಓದಿದವರದ್ದು ಇನ್ನೊಂದು ಪ್ರಶ್ನೆ: "ಕೋಡಿಂಗ್ ಬರಲ್ಲ, ಈ ಕ್ಷೇತ್ರದಲ್ಲಿ ನಮಗೆ ಜಾಗ ಇದೆಯಾ?" ಇದೆ. ಅದಕ್ಕೂ ಬರುತ್ತೇನೆ.

ಬಹಳ ಮಂದಿ ಸಂಸ್ಥೆಯ ಹೆಸರಿನಿಂದ ಶುರು ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಹೆಸರು ಕೊನೆಗೆ ಬರಬೇಕು. ಮೊದಲು ಅಳೆಯಬೇಕಾದ ನಾಲ್ಕು ಸಂಗತಿಗಳಿವೆ.

ಮೊದಲ ಅಳತೆ: ನಿಮ್ಮ ತಲೆಯಲ್ಲಿ ಓಡುವುದು ಎಂಥ ಪ್ರಶ್ನೆ? 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿ ಬಿದ್ದವು (ಅದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ). ಹಲವು ದಿನ ಚೀಟಿ, ದಾಖಲಾತಿ, ವರದಿ ಎಲ್ಲ ಕೈಬರಹದಲ್ಲೇ ನಡೆಯಿತು. ಆ ಸುದ್ದಿ ಓದಿದಾಗ ನಿಮಗೆ ಮೊದಲು ಏನನ್ನಿಸಿತು? "ಒಂದು ಯಂತ್ರದಿಂದ ಇನ್ನೊಂದಕ್ಕೆ ಹೇಗೆ ದಾಟಿದರು?" ಅನ್ನಿಸಿದ್ದರೆ ನೀವು ಸಿಸ್ಟಮ್ಸ್, ಅಂದರೆ ಯಂತ್ರ-ಜಾಲಗಳ ಕಡೆಯವರು. "ಸರ್ವರ್ ಕದ್ದರೂ ಒಂದಕ್ಷರ ಓದಲಾಗದ ಹಾಗೆ ರೋಗಿಗಳ ದಾಖಲೆ ಇಡಬಹುದಿತ್ತಾ?" ಅನ್ನಿಸಿದ್ದರೆ ಗಣಿತ, ಅಂದರೆ ಗೂಢಲಿಪಿಯ ವಿದ್ಯೆಯಾದ ಕ್ರಿಪ್ಟೋಗ್ರಫಿ. "ಇದಕ್ಕೆ ಉತ್ತರ ಕೊಡಬೇಕಾದವರು ಆರೋಗ್ಯ ಇಲಾಖೆಯೋ ಗೃಹ ಇಲಾಖೆಯೋ? ಹಿಂದೆ ಬೇರೆ ದೇಶವಿದ್ದರೆ ಏನು ಮಾಡೋದು?" ಅನ್ನಿಸಿದ್ದರೆ ನಿಮ್ಮ ಜಾಗ ನೀತಿ ಮತ್ತು ಕಾರ್ಯತಂತ್ರದ ಅಧ್ಯಯನದಲ್ಲಿ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಕಂಡುಹಿಡಿದದ್ದನ್ನು ಬಹಿರಂಗವಾಗಿ ಬರೆಯಬಹುದಾ? ಪ್ರೊಫೆಸರ್ ವೃತ್ತಿ ನಿಂತಿರುವುದೇ ಪ್ರಕಟಣೆಯ ಮೇಲೆ. ದೇಶದ ಭದ್ರತೆಯ ಕೆಲಸ ನಿಂತಿರುವುದು ಗುಟ್ಟಿನ ಮೇಲೆ. ಎರಡೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ. ಒಂದನ್ನು ಎಷ್ಟು ಬಿಟ್ಟುಕೊಡಲು ತಯಾರಿದ್ದೀರಿ ಅನ್ನುವುದು ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿದ ಹಾಗೆ.

ಮೂರನೆಯದು ಪಾಸ್‌ಪೋರ್ಟ್. "ದೇಶದ ಭದ್ರತೆ" ಅಂದಾಗ ಯಾವ ದೇಶದ್ದು? ಹೊರದೇಶದಲ್ಲಿ ಒಂದು ಹಂತದವರೆಗೆ ಮಾತ್ರ ನಿಮ್ಮನ್ನು ಒಳಗೆ ಬಿಡುತ್ತಾರೆ.

ನಾಲ್ಕನೆಯದು ದುಡ್ಡು ಮತ್ತು ವರ್ಷಗಳು. ಮನೆಸಾಲ ಇದೆಯಾ, ತಂಗಿಯ ಓದು ಬಾಕಿಯಿದೆಯಾ, ಐದು ವರ್ಷ ಕಡಿಮೆ ಆದಾಯದಲ್ಲಿ ಇರಬಹುದಾ? ಇದನ್ನು ಸಂಕೋಚವಿಲ್ಲದೆ ಲೆಕ್ಕ ಹಾಕಿ. ಮಧ್ಯದಲ್ಲಿ ಪಿಎಚ್‌ಡಿ ಬಿಡುವವರಲ್ಲಿ ಬುದ್ಧಿ ಸಾಲದೆ ಬಿಟ್ಟವರಿಗಿಂತ ದುಡ್ಡು ಸಾಲದೆ ಬಿಟ್ಟವರನ್ನೇ ನಾನು ಜಾಸ್ತಿ ಕಂಡಿದ್ದೇನೆ.

ಐಐಎಸ್‌ಸಿ, ಐಐಟಿ, ಐಎಸ್‌ಐ

ತಾಂತ್ರಿಕ ಸಂಶೋಧನೆ ಮಾಡಿಕೊಂಡು ಭಾರತದಲ್ಲೇ ಉಳಿಯಬೇಕು ಅನ್ನುವವರಿಗೆ ಇದೇ ಹೆದ್ದಾರಿ. ಬೆಂಗಳೂರಿನ ಐಐಎಸ್‌ಸಿಯ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಕ್ರಿಪ್ಟೋಗ್ರಫಿ ಮತ್ತು ಭದ್ರತೆಯ ಒಳ್ಳೆಯ ಗುಂಪಿದೆ. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಸೈಸೆಕ್ ಕೂಡ ಐಐಎಸ್‌ಸಿ ಆಸರೆಯಲ್ಲೇ ನಡೆಯುತ್ತಿದೆ. ವಿದ್ಯುತ್ ಗ್ರಿಡ್, ನೀರು ಸರಬರಾಜಿನಂಥ ವ್ಯವಸ್ಥೆಗಳ ರಕ್ಷಣೆಯಲ್ಲಿ ಆಸಕ್ತಿಯಿದ್ದರೆ ಐಐಟಿ ಕಾನ್ಪುರದ ಸಿ3ಐ ಹಬ್ ನೋಡಿ. ಶುದ್ಧ ಗಣಿತದ ಕಡೆ ಒಲವಿದ್ದರೆ ಕೋಲ್ಕತ್ತದ ಐಎಸ್‌ಐನಲ್ಲಿ (ಭಾರತೀಯ ಸಾಂಖ್ಯಿಕ ಸಂಸ್ಥೆ) ಆರ್.ಸಿ. ಬೋಸ್ ಕ್ರಿಪ್ಟಾಲಜಿ ಮತ್ತು ಭದ್ರತಾ ಕೇಂದ್ರವಿದೆ. ಹೆಸರೇ ಹೇಳುವಂತೆ ಅದು ಕ್ರಿಪ್ಟಾಲಜಿಗಾಗಿಯೇ ಇರುವ ಕೇಂದ್ರ. ಕ್ವಾಂಟಮ್ ಸಂವಹನ ಬೇಕಿದ್ದವರಿಗೆ ಐಐಟಿ ಮದ್ರಾಸ್. 2023ರಲ್ಲಿ ಒಪ್ಪಿಗೆ ಪಡೆದ 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಸಂವಹನ ಹಬ್ ಇರುವುದು ಅಲ್ಲೇ.

ಗಣಿತದವರಿಗೆ ಇದು ಒಳ್ಳೆಯ ಕಾಲ. ಕ್ವಾಂಟಮ್ ಕಂಪ್ಯೂಟರ್‌ಗೂ ಬಗ್ಗದ ಹೊಸ ಕ್ರಿಪ್ಟೋಗ್ರಫಿಯ ಮೊದಲ ಮೂರು ಮಾನದಂಡಗಳನ್ನು ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಅಂತಿಮಗೊಳಿಸಿತು. ಬ್ಯಾಂಕು, ಟೆಲಿಕಾಂ, ಸೇನೆ ಎಲ್ಲರೂ ಹಳೆಯದನ್ನು ಬಿಟ್ಟು ಇದಕ್ಕೆ ಬರಬೇಕು. ಅದು ಎಷ್ಟೋ ವರ್ಷಗಳ ಕೆಲಸ, ಪಿಎಚ್‌ಡಿ ವಿಷಯಗಳಿಗೆ ಬರವಿಲ್ಲ.

ದುಡ್ಡಿನ ಮಾತು. 2023ರ ಪರಿಷ್ಕರಣೆಯ ಪ್ರಕಾರ ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಸಿಕ್ಕರೆ 70,000ದಿಂದ ಶುರುವಾಗಿ ಕೊನೆಗೆ 80,000ದವರೆಗೆ. ಅದರ ನಿಯಮ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ವರ್ಷದ್ದನ್ನೇ ಓದಿ. ಒಬ್ಬರೇ ಇದ್ದರೆ ಕ್ಯಾಂಪಸ್‌ನಲ್ಲಿ 37,000ಕ್ಕೆ ಬದುಕು ನಡೆಯುತ್ತದೆ. ಊರಿಗೆ ದುಡ್ಡು ಕಳಿಸಬೇಕಿದ್ದರೆ ಕಷ್ಟ.

ಕೊನೆಗೆ ಸಿಗುವ ಕುರ್ಚಿ ಗಟ್ಟಿಯಾದದ್ದು. ಐಐಟಿಯಲ್ಲಿ ಮೊದಲ ದರ್ಜೆಯ ಅಸಿಸ್ಟೆಂಟ್ ಪ್ರೊಫೆಸರ್ ಮೂಲವೇತನ 1,01,500ರಿಂದ ಶುರು. ಆದರೆ ಅಲ್ಲಿಗೆ ತಲುಪಲು ಬರೀ ಪದವಿ ಸಾಲದು. ಭದ್ರತೆಯ ಲೋಕದಲ್ಲಿ ಜರ್ನಲ್‌ಗಿಂತ ಸಮ್ಮೇಳನಕ್ಕೇ ಬೆಲೆ: ಯೂಸೆನಿಕ್ಸ್ ಸೆಕ್ಯುರಿಟಿ, ಐಇಇಇ ಎಸ್ ಆ್ಯಂಡ್ ಪಿ, ಎಸಿಎಂ ಸಿಸಿಎಸ್, ಎನ್‌ಡಿಎಸ್‌ಎಸ್. ಕ್ರಿಪ್ಟೋ ಕಡೆಯವರಿಗೆ ಕ್ರಿಪ್ಟೋ, ಯೂರೋಕ್ರಿಪ್ಟ್, ಏಷ್ಯಾಕ್ರಿಪ್ಟ್. ಇವುಗಳಲ್ಲಿ ಎರಡು-ಮೂರು ಪ್ರಬಂಧ ಇದ್ದವರಿಗೂ, ದುಡ್ಡು ಕಟ್ಟಿಸಿಕೊಂಡು ಏನನ್ನಾದರೂ ಛಾಪಿಸುವ ಜರ್ನಲ್‌ಗಳಲ್ಲಿ ಇಪ್ಪತ್ತು ಪ್ರಬಂಧ ಇದ್ದವರಿಗೂ ಅಜಗಜಾಂತರ.

ಪ್ರಕಟಣೆಯ ಸ್ವಾತಂತ್ರ್ಯ ಇಲ್ಲಿ ಚೆನ್ನಾಗಿದೆ. ಆದರೆ ಒಂದು ಎಚ್ಚರಿಕೆ. 2010ರಲ್ಲಿ ಹೈದರಾಬಾದಿನ ಹರಿ ಪ್ರಸಾದ್, ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್, ನೆದರ್‌ಲೆಂಡ್ಸ್‌ನ ರಾಪ್ ಗಾಂಗ್ರೈಪ್ ಸೇರಿ ಭಾರತದ ಮತಯಂತ್ರವೊಂದನ್ನು ಬಿಚ್ಚಿ ನೋಡಿ, ಅದರ ದೌರ್ಬಲ್ಯಗಳ ಬಗ್ಗೆ ಪ್ರಬಂಧ ಬರೆದರು. ಯಂತ್ರ ಕೊಟ್ಟವರು ಯಾರೆಂದು ಹೇಳದ ಪ್ರಸಾದ್ ಅವರನ್ನು ಆ ಆಗಸ್ಟ್‌ನಲ್ಲಿ ಪೊಲೀಸರು ಬಂಧಿಸಿದರು. ಅದೇ ವರ್ಷ ಪ್ರಬಂಧ ಎಸಿಎಂ ಸಿಸಿಎಸ್‌ನಲ್ಲಿ ಮಂಡನೆಯಾಯಿತು. ಒಂದೇ ಕೆಲಸಕ್ಕೆ ಒಂದು ಕಡೆ ವಿದ್ವತ್ ಸಮ್ಮೇಳನದ ವೇದಿಕೆ, ಇನ್ನೊಂದು ಕಡೆ ಜೈಲು. ಐಟಿ ಕಾಯ್ದೆಯ 43ನೇ ಕಲಮಿನ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ವ್ಯವಸ್ಥೆಯೊಳಗೆ ಹೋದರೆ ಪರಿಹಾರ ಕಟ್ಟಬೇಕಾಗುತ್ತದೆ, ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ನೇ ಕಲಮಿನ ಪ್ರಕಾರ ಅಪರಾಧ. ಸಂಶೋಧಕರಿಗೆ ಪ್ರತ್ಯೇಕ ವಿನಾಯಿತಿ ಇಲ್ಲ. ಆದ್ದರಿಂದ ಗೈಡ್ ಹತ್ತಿರ ಮೊದಲೇ ಕೇಳಿ: ಪ್ರಯೋಗಕ್ಕೆ ಯಂತ್ರಗಳು ಎಲ್ಲಿಂದ ಬರುತ್ತವೆ? ದೋಷ ಸಿಕ್ಕರೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್‌ಗೆ ಯಾರು ತಿಳಿಸುತ್ತಾರೆ? ತೊಂದರೆಯಾದರೆ ಸಂಸ್ಥೆ ಬೆನ್ನಿಗೆ ನಿಲ್ಲುತ್ತದಾ?

ಕೆಲಸ ಬಿಡಲಾಗದವರಿಗೆ ಐಐಎಸ್‌ಸಿಯಲ್ಲಿ ಇಆರ್‌ಪಿ ಎಂಬ ಬಾಗಿಲಿದೆ. ಉದ್ಯೋಗದಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡಬಹುದು. ಕಂಪನಿಯೇ ಒಪ್ಪಿ ಕಳಿಸಬೇಕು, ಅಲ್ಲಿ ಸಂಶೋಧನೆಗೆ ಅನುಕೂಲವೂ ಇರಬೇಕು.

ಡಿಆರ್‌ಡಿಒ ಮತ್ತು ಸರ್ಕಾರಿ ಪ್ರಯೋಗಾಲಯ

"ನನಗೆ ಹೆಸರು ಬೇಡ, ನಿಜವಾದ ಸಮಸ್ಯೆ ಬೇಕು" ಅನ್ನುವವರಿಗೆ. ಬೆಂಗಳೂರಿನಲ್ಲೇ 1986ರಿಂದ ಡಿಆರ್‌ಡಿಒದ ಕೇರ್ ಪ್ರಯೋಗಾಲಯವಿದೆ. ಕೃತಕ ಬುದ್ಧಿಮತ್ತೆಯ ಜೊತೆಗೆ ಸೇನೆಯ ಸಂವಹನ ಭದ್ರತೆಯೂ ಅದರ ಕೆಲಸ. ಕ್ರಿಪ್ಟಾಲಜಿಗೆ ಡಿಆರ್‌ಡಿಒದ್ದೇ ಆದ ದೆಹಲಿಯ ಎಸ್‌ಎಜಿ ಪ್ರಯೋಗಾಲಯ. ಚೆನ್ನೈನ ಸೆಟ್ಸ್, ಊರೂರಲ್ಲಿರುವ ಸಿ-ಡ್ಯಾಕ್ ಸ್ವಲ್ಪ ಸಡಿಲ ವಾತಾವರಣದವು. ಗೇಟ್ ಅಂಕ ಮತ್ತು ಸಂದರ್ಶನದ ಮೂಲಕ ಸೈಂಟಿಸ್ಟ್ 'ಬಿ' ಆದರೆ ಮೂಲವೇತನ 56,100ರಿಂದ ಶುರು. ಭತ್ಯೆ, ವೈದ್ಯಕೀಯ ಸೌಲಭ್ಯ, ಕೆಲಸದ ಭದ್ರತೆ ಎಲ್ಲ ಉಂಟು. ಮೊದಲ ದಿನದಿಂದಲೇ ಸಂಬಳ, ಅದೇ ಇದರ ದೊಡ್ಡ ಬಲ.

ಬಿಟ್ಟುಕೊಡುವುದೇನು? ಪ್ರಕಟಣೆ. ಪ್ರತಿ ಪ್ರಬಂಧಕ್ಕೂ ಒಳಗಿನ ಅನುಮತಿ ಬೇಕು. ಒಳ್ಳೆಯ ಕೆಲಸ ಹೊರಗೆ ಬರುವುದೇ ಇಲ್ಲ. ಹತ್ತು ವರ್ಷ ಕಳೆದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ತೋರಿಸಲು ಪಟ್ಟಿ ಚಿಕ್ಕದಾಗಿರುತ್ತದೆ. ಪಾಠದ ಆಸೆಯಿದ್ದರೆ ಪುಣೆಯ ಡಿಐಎಟಿ ಒಂದು ಮಧ್ಯದ ದಾರಿ. ಅದು ರಕ್ಷಣಾ ಸಂಶೋಧನೆಗೆ ಅಂಟಿಕೊಂಡೇ ಇರುವ ಡೀಮ್ಡ್ ವಿಶ್ವವಿದ್ಯಾಲಯ.

ಈ ಪ್ರಯೋಗಾಲಯಗಳಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಆಗಿ ಸೇರುವವರು ಒಂದು ತಿಳಿದಿರಬೇಕು. ಅದು ಅವಧಿಯ ಫೆಲೋಶಿಪ್, ಕಾಯಂ ಕೆಲಸಕ್ಕೆ ಹಕ್ಕು ಕೊಡುವುದಿಲ್ಲ ಅಂತ ಜಾಹೀರಾತಿನಲ್ಲೇ ಬರೆದಿರುತ್ತದೆ. "ಸೇರಿಕೊಂಡರೆ ಒಳಗೇ ಮಾಡ್ಕೋತಾರೆ" ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಹೊರದೇಶ

ಅಮೆರಿಕದ ಪಿಎಚ್‌ಡಿ ಐದಾರು ವರ್ಷದ್ದು. ಬಿಇ ಆದ ಮೇಲೆ ನೇರವಾಗಿ ಸೇರಬಹುದು, ಶುಲ್ಕ ಮನ್ನಾ ಮತ್ತು ಸ್ಟೈಪೆಂಡ್ ಸಿಗುವ ಕಡೆಗೇ ಹೋಗಿ. ಸ್ವಂತ ದುಡ್ಡಲ್ಲಿ ಪಿಎಚ್‌ಡಿ ಮಾಡಲು ಕರೆಯುವ ಪತ್ರಕ್ಕೆ ಉತ್ತರ ಬರೆಯುವುದೂ ಬೇಡ. ಸಂಶೋಧನೆಯ ಮಟ್ಟ, ಗೈಡ್‌ಗಳ ಆಯ್ಕೆ, ದೊಡ್ಡ ಸಮ್ಮೇಳನಗಳ ಸಹವಾಸ, ಇವುಗಳಲ್ಲಿ ಅಮೆರಿಕವೇ ಮುಂದೆ.

ಆದರೆ ಪಾಸ್‌ಪೋರ್ಟ್ ಅಡ್ಡ ಬರುವುದೂ ಅಲ್ಲೇ. ಸೈಬರ್‌ಕಾರ್ಪ್ಸ್ ಎಂಬ ಪ್ರಸಿದ್ಧ ವಿದ್ಯಾರ್ಥಿವೇತನ ಓದಿಗೆ ದುಡ್ಡು ಕೊಟ್ಟು, ಬದಲಿಗೆ ಸರ್ಕಾರಿ ಕೆಲಸ ಮಾಡಿಸಿಕೊಳ್ಳುತ್ತದೆ. ಅದು ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಗುಪ್ತ ಯೋಜನೆಗಳಿಗೆ ಬೇಕಾದ ಕ್ಲಿಯರೆನ್ಸ್, ಅಂದರೆ ಸರ್ಕಾರದ ಭದ್ರತಾ ಒಪ್ಪಿಗೆ, ನಿಮಗೆ ಸಿಗದು. ಆಯುಧ ರಫ್ತು ನಿಯಮಗಳಡಿ ಬರುವ ಯೋಜನೆಗಳಿಂದಲೂ ದೂರ ಇಡುತ್ತಾರೆ. ಹಾಗಾದರೆ ಉಳಿಯುವುದೇನು? ಬೇಕಾದಷ್ಟಿದೆ. ವಿಶ್ವವಿದ್ಯಾಲಯದ ಮೂಲ ಸಂಶೋಧನೆಯ ಫಲಿತಾಂಶ ಸಾಧ್ಯವಾದಷ್ಟೂ ಮುಕ್ತವಾಗಿರಬೇಕು ಎಂಬ ನೀತಿ ಅಲ್ಲಿ 1985ರಿಂದ ಇದೆ. ಆ ಮುಕ್ತ ಭಾಗದಲ್ಲೇ ಭಾರತೀಯರ ಕೆಲಸ ನಡೆಯುತ್ತದೆ. ಅಂದರೆ ಅಮೆರಿಕದಲ್ಲಿ ನೀವು ಸೈಬರ್ ಭದ್ರತೆಯ ಪ್ರೊಫೆಸರ್ ಆಗಬಹುದು. ಅವರ ರಾಷ್ಟ್ರೀಯ ಭದ್ರತೆಯ ಒಳಮನೆಗೆ ಪ್ರವೇಶ ಇಲ್ಲ.

ನನ್ನನ್ನು ಕೇಳಿದರೆ ನಮ್ಮವರು ಕಡೆಗಣಿಸುವ ಒಳ್ಳೆಯ ಆಯ್ಕೆ ಜರ್ಮನಿ. ಸಾರ್‌ಬ್ರೂಕೆನ್‌ನ ಸಿಸ್ಪಾ ಸಂಶೋಧನಾ ಕೇಂದ್ರ, ಬೋಖುಮ್‌ನಲ್ಲಿ 2019ರಲ್ಲಿ ಶುರುವಾದ ಮ್ಯಾಕ್ಸ್ ಪ್ಲಾಂಕ್ ಭದ್ರತಾ ಸಂಸ್ಥೆ, ಪಕ್ಕದಲ್ಲೇ ರೂರ್ ವಿಶ್ವವಿದ್ಯಾಲಯ. ಮೂರೂ ಜಗತ್ತಿನ ಮೇಲ್ಸಾಲಿನವು. ಲ್ಯಾಬ್ ಭಾಷೆ ಇಂಗ್ಲಿಷ್. ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿ ಅಂದರೆ ಸಾಮಾನ್ಯವಾಗಿ ಒಪ್ಪಂದವಿರುವ ಉದ್ಯೋಗಿ: ಸಂಬಳ, ವಿಮೆ, ರಜೆ. ಸಂಸಾರ ಇರುವವರಿಗೆ ಇದು ಅಮೆರಿಕದ ಸ್ಟೈಪೆಂಡ್‌ಗಿಂತ ನೆಮ್ಮದಿ. ಕೊರತೆ ಏನೆಂದರೆ ಪಿಎಚ್‌ಡಿ ಆದ ಮೇಲೆ ಅಲ್ಲಿ ಕಾಯಂ ಪ್ರೊಫೆಸರ್ ಹುದ್ದೆಗಳು ಬಹಳ ಕಡಿಮೆ, ಪಾಠಕ್ಕೆ ಜರ್ಮನ್ ಬೇಕಾಗಬಹುದು.

ಬ್ರಿಟನ್ನಿನಲ್ಲಿ ರಾಯಲ್ ಹಾಲೊವೇಯಂಥ ಹಳೆಯ ಗುಂಪುಗಳಿವೆ. ಅಲ್ಲಿನ ಮಾಹಿತಿ ಭದ್ರತೆಯ ಎಂಎಸ್‌ಸಿ ಶುರುವಾದದ್ದು 1992ರಲ್ಲಿ! ಓದು ಬೇಗ ಮುಗಿಯುತ್ತದೆ. ಆದರೆ ವಿದೇಶಿಯರ ಶುಲ್ಕ ಭಾರಿ, ಪೂರ್ತಿ ಹಣ ಸಿಗುವ ಸ್ಥಾನ ಕಡಿಮೆ. ಕೆಲವು ತಾಂತ್ರಿಕ ವಿಷಯಗಳಿಗೆ ವೀಸಾಗೂ ಮೊದಲು ಎಟಾಸ್ ಎಂಬ ಸರ್ಕಾರಿ ಒಪ್ಪಿಗೆ ಬೇಕು.

ಧಾರವಾಡ, ಶಿವಮೊಗ್ಗ: ಹೊಸ ಬಾಗಿಲುಗಳು

2020ರಲ್ಲಿ ಸಂಸತ್ತು ಎರಡು ವಿಶ್ವವಿದ್ಯಾಲಯಗಳಿಗೆ ಕಾಯ್ದೆ ಮಾಡಿತು. ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ. ಎರಡರ ಮೂಲ ಗಾಂಧಿನಗರ. ಮೊದಲನೆಯದರ ಕ್ಯಾಂಪಸ್ ಧಾರವಾಡಕ್ಕೆ ಬಂತು, ಎರಡನೆಯದು ಶಿವಮೊಗ್ಗಕ್ಕೆ.

ಸೈಬರ್ ಫೊರೆನ್ಸಿಕ್ಸ್‌ಗೆ (ಕಂಪ್ಯೂಟರ್, ಫೋನ್‌ಗಳಿಂದ ಅಪರಾಧದ ಸಾಕ್ಷ್ಯ ತೆಗೆಯುವ ವಿದ್ಯೆ) ಬೇಡಿಕೆ ಕಾನೂನಿನಿಂದಲೇ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ಅಷ್ಟು ತಜ್ಞರು ಬೇಕಲ್ವಾ? ಅವರಿಗೆ ಕಲಿಸುವವರೂ ಬೇಕು. ಪೊಲೀಸ್, ನ್ಯಾಯಾಲಯ, ಪ್ರಯೋಗಾಲಯದ ಜೊತೆ ಕೆಲಸ ಮಾಡುವ ಮನಸ್ಸಿದ್ದವರಿಗೆ, ಉತ್ತರ ಕರ್ನಾಟಕ ಮಲೆನಾಡು ಬಿಟ್ಟು ಹೋಗಲು ಇಷ್ಟವಿಲ್ಲದವರಿಗೆ ಇದು ಚೆನ್ನ. ಆದರೆ ಮೇಲೆ ಹೇಳಿದ ದೊಡ್ಡ ಸಮ್ಮೇಳನಗಳ ಸಂಶೋಧನೆಯೇ ಗುರಿಯಾದರೆ, ಹೊಸ ಕ್ಯಾಂಪಸ್ ಬೇರುಬಿಡುವವರೆಗೆ ಕಾಯಬೇಕಾಗುತ್ತದೆ. ಸೇರುವ ಮುನ್ನ ಖುದ್ದಾಗಿ ಹೋಗಿ ಲ್ಯಾಬ್ ನೋಡಿ. ಕಾಯಂ ಅಧ್ಯಾಪಕರು ಎಷ್ಟು, ಅತಿಥಿಗಳು ಎಷ್ಟು ಕೇಳಿ.

ಕೋಡಿಂಗ್ ಬೇಡದ ದಾರಿ

ನೀತಿಯ ಕಡೆಯವರಿಗೆ ಕೆಲಸ ಕಡಿಮೆ ಅನ್ನುವುದು ಅರ್ಧ ನಿಜ. ಕುರ್ಚಿ ಕಡಿಮೆ, ಪ್ರಶ್ನೆಗಳು ರಾಶಿ. 2019ರಲ್ಲಿ ಕೂಡಂಕುಳಂ ಅಣುವಿದ್ಯುತ್ ಕೇಂದ್ರದ ಆಡಳಿತ ಜಾಲದಲ್ಲಿ ಕುತಂತ್ರಾಂಶ ಸಿಕ್ಕಿತು. ಅಧಿಕಾರಿಗಳು ಮೊದಲು ಅಲ್ಲಗಳೆದು, ಮರುದಿನವೇ ನಿಜ ಅಂತ ಒಪ್ಪಿಕೊಂಡರು. ಇಂಥ ವಿಷಯ ಸಾರ್ವಜನಿಕರಿಗೆ ಎಷ್ಟು ಹೇಳಬೇಕು, ಯಾರು ಹೇಳಬೇಕು? 2021ರ ಜೂನ್‌ನಿಂದ ಟೆಲಿಕಾಂ ಕಂಪನಿಗಳು ಹೊಸ ಉಪಕರಣವನ್ನು 'ನಂಬಲರ್ಹ ಮೂಲ'ಗಳಿಂದಲೇ ತರಬೇಕೆಂಬ ನಿರ್ದೇಶನವಿದೆ. ನಂಬಿಕೆಯನ್ನು ಅಳೆಯೋದು ಹೇಗೆ? ಇದರ ಮೇಲೆ ಬರೆಯಬಲ್ಲ, ಎರಡೂ ಕಡೆಯ ಮಾತು ಬಲ್ಲ ಜನ ನಮ್ಮಲ್ಲಿ ಬೆರಳೆಣಿಕೆ.

ಐಐಎಸ್‌ಸಿ ಆವರಣದಲ್ಲೇ ಇರುವ ನಿಯಾಸ್ ಸಂಶೋಧನಾ ಸಂಸ್ಥೆಯಲ್ಲಿ ಕಾರ್ಯತಂತ್ರ ಮತ್ತು ಭದ್ರತೆಯ ಅಧ್ಯಯನ ಬಹುಕಾಲದಿಂದ ಇದೆ. ಮಣಿಪಾಲದಲ್ಲಿ ಭೂರಾಜಕೀಯ ವಿಭಾಗ, ದೆಹಲಿಯ ಜೆಎನ್‌ಯುನಲ್ಲಿ ರಾಷ್ಟ್ರೀಯ ಭದ್ರತಾ ಅಧ್ಯಯನ ಕೇಂದ್ರ, ಪುಣೆ ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳಲ್ಲಿ ರಕ್ಷಣಾ ಅಧ್ಯಯನ ವಿಭಾಗ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಸಾರ್ವಜನಿಕ ನೀತಿ ಕೋರ್ಸುಗಳನ್ನು ಕೆಲಸದ ಜೊತೆಗೇ ಮಾಡಬಹುದು. ಕ್ಷೇತ್ರದ ರುಚಿ ನೋಡಲು ಅದು ಒಳ್ಳೆಯದು, ಆದರೆ ಅಧ್ಯಾಪಕ ಹುದ್ದೆಗೆ ಬೇಕಾದ ಪದವಿ ಅದಲ್ಲ. ಹೊರಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ಯುದ್ಧ ಅಧ್ಯಯನ ವಿಭಾಗ, ಲೈಡನ್ ವಿಶ್ವವಿದ್ಯಾಲಯದ ಹೇಗ್ ಕ್ಯಾಂಪಸ್ ಹೆಸರಾದವು. ಎರಡೂ ದುಬಾರಿ. ವಿದ್ಯಾರ್ಥಿವೇತನ ಇಲ್ಲದೆ ಸಾಲ ಮಾಡಿ ಹೋಗಿ ಅಂತ ನಾನು ಹೇಳಲಾರೆ. ನೀತಿ ಕ್ಷೇತ್ರದ ಸಂಬಳ ಆ ಸಾಲ ಬೇಗ ತೀರಿಸುವುದಿಲ್ಲ.

ಅಧ್ಯಾಪಕ ಹುದ್ದೆ ಮತ್ತು ಜೆಆರ್‌ಎಫ್‌ಗಾಗಿ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ 'ರಕ್ಷಣಾ ಮತ್ತು ಕಾರ್ಯತಂತ್ರ ಅಧ್ಯಯನ' ಪ್ರತ್ಯೇಕ ವಿಷಯ. ಜೆಆರ್‌ಎಫ್ ಸಿಕ್ಕರೆ ಫೆಲೋಶಿಪ್ ತಾಂತ್ರಿಕರಿಗೆ ಸಿಗುವಷ್ಟೇ. ಬಿಎ ಓದಿದವರು ಎಂಎ ಮಾಡಿಕೊಂಡು ಇಲ್ಲಿಂದ ಶುರು ಮಾಡಿ. ಜೊತೆಗೆ ನೆಟ್‌ವರ್ಕ್ ಹೇಗೆ ಓಡುತ್ತದೆ ಅನ್ನುವಷ್ಟನ್ನಾದರೂ ಕಲಿಯಿರಿ. ಐಪಿ ವಿಳಾಸ ಅಂದರೇನು ಗೊತ್ತಿಲ್ಲದೆ ಸೈಬರ್ ಯುದ್ಧದ ಬಗ್ಗೆ ಬರೆದ ಪ್ರಬಂಧಗಳು ಈಗಾಗಲೇ ಸಾಕಷ್ಟಿವೆ.

ಖಾಸಗಿ ಕಾಲೇಜು, ಅರೆಕಾಲಿಕ ಪಿಎಚ್‌ಡಿ

ವಿಟಿಯು ಅಡಿಯಲ್ಲಿ ಸೈಬರ್ ಸೆಕ್ಯುರಿಟಿ ಹೆಸರಿನ ಬಿಇ ಶಾಖೆಗಳು ಬಂದ ಮೇಲೆ ಪಾಠ ಮಾಡುವವರಿಗೆ ಬೇಡಿಕೆಯಿದೆ. ಎಂಟೆಕ್ ಇದ್ದರೆ ಸೇರಬಹುದು. ಊರಲ್ಲೇ ಇರಬಹುದು. ಪಾಠವೇ ನಿಮ್ಮ ಪ್ರೀತಿಯಾದರೆ ಇದೂ ಗೌರವದ ಬದುಕೇ. ಸಂಶೋಧನೆ ಮಾತ್ರ ಕಷ್ಟ. ವಾರಪೂರ್ತಿ ತರಗತಿ, ಲ್ಯಾಬ್ ರೆಕಾರ್ಡ್, ನ್ಯಾಕ್ ಕಡತ, ಅಡ್ಮಿಷನ್ ಡ್ಯೂಟಿ. ಉಳಿದ ಸಮಯದಲ್ಲಿ ಪಿಎಚ್‌ಡಿ. ವೇತನ ಶ್ರೇಣಿ ಕಾಗದದ ಮೇಲೆ 57,700ರಿಂದ ಶುರುವಾದರೂ ಎಷ್ಟೋ ಕಡೆ ಕೈಗೆ ಬರುವುದು ಕಡಿಮೆ. ಆಫರ್ ಪತ್ರದಲ್ಲಿ 'ಕನ್ಸಾಲಿಡೇಟೆಡ್' (ಶ್ರೇಣಿ, ಭತ್ಯೆ ಇಲ್ಲದ ಒಟ್ಟು ಮೊತ್ತ) ಅಂತ ಇದೆಯಾ ನೋಡಿಕೊಳ್ಳಿ.

ಕಂಪನಿಯಲ್ಲಿ 15 ವರ್ಷ ದಾಟಿದವರಿಗೆ ಯುಜಿಸಿ 2022ರಲ್ಲಿ ತಂದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಇದೆ. ಪಿಎಚ್‌ಡಿ ಬೇಡ. ಅವಧಿ ಮೂರು ವರ್ಷ, ಹೆಚ್ಚೆಂದರೆ ನಾಲ್ಕು.

ಹಾಗಾದರೆ ಯಾರಿಗೆ ಯಾವುದು?

ವಯಸ್ಸು ಇಪ್ಪತ್ತೆರಡು-ಇಪ್ಪತ್ಮೂರು, ಮನೆಯ ಭಾರ ಇಲ್ಲ, ತಾಂತ್ರಿಕ ಹುಚ್ಚು ಇದೆ: ಅಮೆರಿಕ, ಜರ್ಮನಿ, ಐಐಎಸ್‌ಸಿ ಮೂರಕ್ಕೂ ಹಾಕಿ. ಊರು ನೋಡಬೇಡಿ, ಯಾವ ಗೈಡ್ ಒಳ್ಳೆಯವರೋ ಅಲ್ಲಿಗೆ ಹೋಗಿ. ಮನೆಗೆ ಸಂಬಳ ಬೇಕೇ ಬೇಕು: ಡಿಆರ್‌ಡಿಒ ಸೈಂಟಿಸ್ಟ್ ಹುದ್ದೆ ಅಥವಾ ಕಂಪನಿಯಲ್ಲಿದ್ದೇ ಇಆರ್‌ಪಿ. ಸಂಸಾರ ಕಟ್ಟಿಕೊಂಡು ಹೊರಗೆ ಹೋಗುವವರು: ಜರ್ಮನಿ ಮೊದಲು. ಭಾರತ ಸರ್ಕಾರಕ್ಕೆ ಸಲಹೆ ಕೊಡುವ ಜಾಗದಲ್ಲಿ ಕೂರಬೇಕು ಅನ್ನುವವರು: ಪಿಎಚ್‌ಡಿ ಎಲ್ಲೇ ಮಾಡಿ, ವಿಷಯ ಭಾರತದ್ದಿರಲಿ, ತಿರುಗಿ ಬರುವ ಯೋಚನೆ ಮೊದಲಿಂದಲೇ ಇರಲಿ.

ಸಿಸ್ಟಮ್ಸ್ ನಿಮಗೆ ಒಗ್ಗುತ್ತದಾ ಅಂತ ಅನುಮಾನವಿದ್ದರೆ ಅಗ್ಗದ ಪರೀಕ್ಷೆಯೊಂದಿದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೆಯ ವೈಫೈ ರೂಟರ್ ಒಂದನ್ನು ಕೊಳ್ಳಿ. ಅದು ನಿಮ್ಮದೇ ಸ್ವತ್ತು, ಇಂಟರ್ನೆಟ್‌ಗೆ ಜೋಡಿಸಬೇಡಿ. ಸ್ಕ್ರೂ ಬಿಚ್ಚಿ. ಹಲಗೆಯ ಮೇಲೆ ಸಾಲಾಗಿ ನಾಲ್ಕು ಪಿನ್ ಅಥವಾ ನಾಲ್ಕು ತೂತು ಕಾಣಬಹುದು, ಅದು ಬಹುಶಃ ಯುಆರ್ಟ್, ಅಂದರೆ ರೂಟರ್ ಜೊತೆ ನೇರವಾಗಿ ಮಾತಾಡುವ ಸೀರಿಯಲ್ ಸಂಪರ್ಕ. ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಜೋಡಿಸಿ, ವೇಗ 115200ಕ್ಕೆ ಇಟ್ಟು, ವಿದ್ಯುತ್ ಕೊಡಿ. ಪರದೆಯ ಮೇಲೆ ಬೂಟ್ ಸಾಲುಗಳು ಉರುಳತೊಡಗುತ್ತವೆ. ಕೆಲವು ರೂಟರ್ ಪಾಸ್‌ವರ್ಡ್ ಕೂಡ ಕೇಳದೆ ರೂಟ್ ಪ್ರಾಂಪ್ಟ್, ಅಂದರೆ ಪೂರ್ತಿ ಹಿಡಿತ, ಕೊಟ್ಟುಬಿಡುತ್ತವೆ. ಅಲ್ಲಿಂದ ಮುಂದೆ ಊಟದ ಹೊತ್ತು ಮರೆತರೆ ನೀವು ಆ ಕಡೆಯವರೇ. "ಇದನ್ನು ಯಾವ ದೇಶ ಮಾಡಿತು, ಇಂಥದ್ದನ್ನು ಮಾರಲು ಬಿಟ್ಟವರು ಯಾರು?" ಅಂತ ಯೋಚಿಸುತ್ತ ಕೂತರೆ ನೆಟ್ ಅರ್ಜಿ ತುಂಬಿ.

ಗೈಡ್ ಆಯ್ಕೆಗೆ ಒಂದು ಸಂಜೆ ಕೊಡಿ. ಕಂಪ್ಯೂಟರ್ ಸೈನ್ಸ್ ಪ್ರಬಂಧಗಳ ಪಟ್ಟಿಯಿರುವ ಡಿಬಿಎಲ್‌ಪಿ ಜಾಲತಾಣದಲ್ಲಿ ಅವರ ಹೆಸರು ಹಾಕಿ ಕಳೆದ ಐದು ವರ್ಷದ ಪ್ರಬಂಧಗಳನ್ನು ನೋಡಿ. ಮೊದಲ ಲೇಖಕರಾಗಿ ವಿದ್ಯಾರ್ಥಿಗಳ ಹೆಸರಿದೆಯಾ? ಭಾರತದ ಪಿಎಚ್‌ಡಿ ಮಹಾಪ್ರಬಂಧಗಳ ಭಂಡಾರ ಶೋಧಗಂಗಾದಲ್ಲಿ ಅವರ ಹಳೆಯ ವಿದ್ಯಾರ್ಥಿಗಳ ಪ್ರಬಂಧ ತೆರೆದು, ಸೇರಿದ ಮತ್ತು ಮುಗಿಸಿದ ವರ್ಷ ಹೋಲಿಸಿ. ಆಮೇಲೆ ಈಗಿನ ಒಬ್ಬ ವಿದ್ಯಾರ್ಥಿಗೆ ಬರೆದು ಒಂದೇ ಪ್ರಶ್ನೆ ಕೇಳಿ: "ನಿಮ್ಮ ಯಾವುದಾದರೂ ಪ್ರಬಂಧ ಅನುಮತಿ ಸಿಗದೆ ನಿಂತಿದೆಯಾ?" ಉತ್ತರ ಬರಲು ತಡವಾದರೆ ಫೋನ್ ಮಾಡಿ. ಈ ವಿಷಯ ಬರವಣಿಗೆಯಲ್ಲಿ ಹೇಳಲು ಜನ ಹಿಂಜರಿಯುತ್ತಾರೆ, ಮಾತಿನಲ್ಲಿ ಹೇಳುತ್ತಾರೆ.

ಇನ್ನು ದಿನಾಂಕಗಳು. ಗೇಟ್ ಪರೀಕ್ಷೆ ಫೆಬ್ರವರಿಯಲ್ಲಿ, ಅದರ ಅರ್ಜಿ ಹಿಂದಿನ ವರ್ಷದ ಆಗಸ್ಟ್-ಸೆಪ್ಟೆಂಬರ್‌ನಲ್ಲೇ. ಅಮೆರಿಕದ ಬಹುತೇಕ ಪಿಎಚ್‌ಡಿ ಅರ್ಜಿಗಳು ಡಿಸೆಂಬರ್‌ಗೆ ಮುಗಿಯುತ್ತವೆ. ನೆಟ್ ವರ್ಷಕ್ಕೆ ಎರಡು ಸಲ. ಜರ್ಮನಿಯಲ್ಲಿ ಹುದ್ದೆ ಖಾಲಿಯಾದಾಗ ಕರೆಯುತ್ತಾರೆ, ಆ ಗುಂಪುಗಳ ಪುಟಗಳನ್ನು ತಿಂಗಳಿಗೊಮ್ಮೆ ನೋಡುತ್ತಿರಿ.